ನಾಲ್ಕೂವರೆಯ ಬಾಣಲೆ

ಮಧ್ಯಾಹ್ನ ಮೂರಕ್ಕೆ ಹೋಟೆಲಿಗೆ ಹೋಗುವವರ ರುಚಿಯ ಬಗ್ಗೆ ನನಗೆ ಸಂಶಯವಿದೆ. ಆಗ ಊಟ ಮುಗಿದಿರುತ್ತದೆ, ತಿಂಡಿ ಶುರುವಾಗಿರುವುದಿಲ್ಲ. ಕುರ್ಚಿಗಳನ್ನು ಮೇಜಿನ ಮೇಲೆ ಕವುಚಿಟ್ಟು ನೆಲ ಒರೆಸುತ್ತಿರುತ್ತಾರೆ. ‘ತಿನ್ನೋಕೆ ಏನಿದೆ?’ ಎಂದರೆ ಮಾಣಿ ಉತ್ತರಿಸುವ ಮೊದಲು ಗಡಿಯಾರ ನೋಡುತ್ತಾನೆ. ಬೆಂಗಳೂರಿನ ಬಾರುಗಳು ಈ ಖಾಲಿ ಹೊತ್ತಿಗೆಂದೇ ಹ್ಯಾಪಿ ಅವರ್ ಎಂಬ ಬೋರ್ಡು ತೂಗುಹಾಕಿ, ಒಂದು ಬಿಯರ್ ಕೊಂಡರೆ ಇನ್ನೊಂದು ಪುಕ್ಕಟೆ ಎನ್ನುತ್ತವೆ. ನಾನೂ ಹೋಗಿ ಕೂತಿದ್ದೇನೆ, ಸುಳ್ಳೇಕೆ? ಆದರೆ ಎರಡನೇ ಗ್ಲಾಸನ್ನು ಪುಕ್ಕಟೆ ಅಂತ ಕುಡಿಯುವಾಗ ನಾಲಿಗೆಗಿಂತ ಲೆಕ್ಕವೇ ಹೆಚ್ಚು ಖುಷಿಪಡುತ್ತದೆ. ಶಿವಮೊಗ್ಗದ ಹೋಟೆಲುಗಳು ಅದೇ ಖಾಲಿ ಹೊತ್ತನ್ನು ಒಂದು ರೂಪಾಯಿಯನ್ನೂ ಇಳಿಸದೆ ತುಂಬಿಸಿಕೊಳ್ಳುತ್ತವೆ. ನಾಲ್ಕೂವರೆಗೆ ಬಾಣಲೆ ಇಡುತ್ತವೆ, ಅಷ್ಟೇ.

ಗಾಂಧಿ ಬಜಾರಿನಿಂದ ದುರ್ಗಿಗುಡಿಯವರೆಗೆ ಆ ಹೊತ್ತಿನಲ್ಲಿ ನಡೆದು ನೋಡಿ. ಮಳೆಗಾಲವಾದರೆ ಇನ್ನೂ ಒಳ್ಳೆಯದು. ಆಷಾಢದ ಜಿಟಿಜಿಟಿಗೆ ಅಂಗಡಿಗಳ ಮುಂದೆ ಕೊಡೆ ಮಡಚಿ ನಿಂತವರೆಲ್ಲ ಮಳೆ ಬಿಡಲಿ ಅಂತ ಕಾಯುತ್ತಿರುತ್ತಾರೆ ಎಂದುಕೊಳ್ಳಬೇಡಿ, ಅರ್ಧ ಜನ ಕಾಯುವುದು ಎರಡನೇ ಒಬ್ಬೆಗೆ. ಮೊದಲ ಒಬ್ಬೆಯ ಮೆಣಸಿನಕಾಯಿ ಬಜ್ಜಿಯನ್ನು ಬಲ್ಲವರು ತಿನ್ನುವುದಿಲ್ಲ. ಎಣ್ಣೆಗೆ ಇನ್ನೂ ಹದ ಬಂದಿರುವುದಿಲ್ಲ, ಹಿಟ್ಟು ಎಣ್ಣೆ ಕುಡಿದುಬಿಡುತ್ತದೆ. ಒಂದು ಹನಿ ಹಿಟ್ಟು ಬಿಟ್ಟರೆ ಅದು ತಳಕ್ಕಿಳಿದು ಕೂರದೆ ಕೂಡಲೇ ಮೇಲೆದ್ದು ಬರಬೇಕು. ಹಾಗೆಂದು ಬಿದ್ದ ತಕ್ಷಣ ಕಪ್ಪಾಗಲೂಬಾರದು. ಮೆಣಸಿನಕಾಯಿಯ ಹೊಟ್ಟೆ ಸೀಳಿ ಒಳಗೆ ಉಪ್ಪು, ಓಂಕಾಳು ಸವರಿದ್ದರೆ ಆ ಭಟ್ಟರಿಗೆ ನನ್ನ ನಮಸ್ಕಾರ. ಹುಣಸೆಹಣ್ಣಿನ ರಸವನ್ನೂ ಸವರಿದ್ದರೆ ಉದ್ದಂಡ ನಮಸ್ಕಾರ. ಕಡಲೆಹಿಟ್ಟಿಗೆ ಸೋಡಾ ಹೆಚ್ಚು ಸುರಿದು ಬಜ್ಜಿಯನ್ನು ಬಲೂನು ಮಾಡುವವರೂ ಇದ್ದಾರೆ. ಅವರ ವಿಷಯ ಬೇಡ.

ಪಕ್ಕದಲ್ಲೇ ಗೋಳಿಬಜೆ. ಕರಾವಳಿಯಿಂದ ಘಟ್ಟ ಹತ್ತಿ ಬಂದ ಹೋಟೆಲಿನವರು ಜೊತೆಗೆ ತಂದದ್ದು ಇದು. ಇಲ್ಲಿ ಮಂಗಳೂರು ಬಜ್ಜಿ ಅಂದರೆ ಬೇಗ ಅರ್ಥವಾಗುತ್ತದೆ. ಮೈದಾಹಿಟ್ಟನ್ನು ಹುಳಿಮೊಸರಿನಲ್ಲಿ ಕಲಸಿ ಒಂದೆರಡು ಗಂಟೆ ಬಿಡಬೇಕು. ನಾಲ್ಕೂವರೆಗೆ ಬಜೆ ಬೇಕೆಂದರೆ ಎರಡೂವರೆಗೇ ಹಿಟ್ಟು ಕಲಸಿರಬೇಕು. ನಾವು ಮನೆಯಲ್ಲಿ ಊಟ ಮಾಡಿ ಮಲಗಿರುವಾಗ ಒಬ್ಬ ಮನುಷ್ಯ ಅಡುಗೆಮನೆಯ ಸೆಕೆಯಲ್ಲಿ ನಮ್ಮ ಸಂಜೆಯನ್ನು ನೆನೆಹಾಕುತ್ತಿರುತ್ತಾನೆ. ಬಿಲ್ಲಿನಲ್ಲಿ ಅದು ಕಾಣುವುದಿಲ್ಲ.

ಬೀದಿಯ ಕಡೆ ಬಂದರೆ ಖಾರ ಮಂಡಕ್ಕಿ. ಮಲೆನಾಡಿನ ಮಳೆಗಾಳಿಗೆ ಮಂಡಕ್ಕಿ ಕೆಲವೇ ನಿಮಿಷದಲ್ಲಿ ಮೆತ್ತಗಾಗುತ್ತದೆ. ಆದ್ದರಿಂದ ಒಳ್ಳೆಯ ಗಾಡಿಯವನು ಕೇಳಿದ ಮೇಲೇ ಕಲಸುತ್ತಾನೆ. ಮೊದಲು ಎಣ್ಣೆ, ಖಾರದಪುಡಿ. ಈರುಳ್ಳಿ, ಟೊಮೆಟೊ ಕೊನೆಗೆ. ಎಣ್ಣೆ ಮೈಗೆ ಹತ್ತಿದ ಮಂಡಕ್ಕಿಗೆ ಟೊಮೆಟೊ ನೀರು ಬೇಗ ಇಳಿಯುವುದಿಲ್ಲ. ಕೊಟ್ಟ ಮೇಲೆ ಮಾತಾಡುತ್ತ ನಿಂತರೆ ತಪ್ಪು ಗಾಡಿಯವನದಲ್ಲ.

ಇನ್ನು ಕುಡಿಯುವುದು. ಬೆಳಗಿನ ಕಾಫಿ ಎಚ್ಚರವಾಗುವುದಕ್ಕೆ, ಅದರಲ್ಲಿ ಆಯ್ಕೆಯಿಲ್ಲ. ಸಂಜೆಯ ಕಾಫಿಯನ್ನು ನಾವೇ ಬಯಸಿ ಕುಡಿಯುತ್ತೇವೆ. ಪಕ್ಕದ ಜಿಲ್ಲೆ ಚಿಕ್ಕಮಗಳೂರಾದ್ದರಿಂದ ನಮಗೆ ಪುಡಿಯ ವಿಷಯದಲ್ಲಿ ಸ್ವಲ್ಪ ಸೊಕ್ಕೂ ಉಂಟು. ಚಿಕೋರಿ ಎಷ್ಟು ಬೆರೆಸಬೇಕು ಎಂಬುದರ ಮೇಲೆ ಜಗಳವಾಡಿ, ಕೊನೆಗೆ ಬೈಟು ಹೇಳಿ, ಅರ್ಧರ್ಧ ಹಂಚಿಕೊಂಡು ರಾಜಿಯಾಗುತ್ತೇವೆ. ಹ್ಯಾಪಿ ಅವರಿನವರು ಒಂದರ ಬೆಲೆಗೆ ಎರಡು ಕೊಡುತ್ತಾರೆ, ನಾವು ಒಂದನ್ನೇ ಎರಡು ಮಾಡಿಕೊಳ್ಳುತ್ತೇವೆ. ಅರ್ಧ ಲೋಟಕ್ಕೆ ಒಂದು ಗಂಟೆ ಹರಟೆ. ಇತ್ತೀಚೆಗೆ ಒಂದು ಹೋಟೆಲಿನವರು ‘ಬೈಟು ಇಲ್ಲ’ ಎಂದು ಗೋಡೆಗೆ ಅಂಟಿಸಿದ್ದಾರೆ. ನಾನು ಅಲ್ಲಿಗೆ ಹೋಗುವುದನ್ನೇ ಬಿಟ್ಟೆ. ಕಾಫಿ ಬೇಡದವರಿಗೆ ಕಷಾಯವಿದೆ: ಕೊತ್ತಂಬರಿ, ಜೀರಿಗೆ, ಮೆಣಸು ಹುರಿದು ಪುಡಿಮಾಡಿ, ಬೆಲ್ಲ ಹಾಲು ಹಾಕಿ ಕುದಿಸಿದ್ದು. ಬಜ್ಜಿಯ ಪಾಪಕ್ಕೆ ಅದೇ ಪ್ರಾಯಶ್ಚಿತ್ತ.

ಭದ್ರಾವತಿಯ ಸಂಜೆಯೇ ಬೇರೆ. ಬಿ.ಎಚ್. ರಸ್ತೆಯಲ್ಲಿ ಬಸ್ಸು ಹತ್ತಿದರೆ ಇಪ್ಪತ್ತು ಕಿಲೋಮೀಟರಿನೊಳಗೆ ಊರು ಬಂದುಬಿಡುತ್ತದೆ. ಆದರೆ ಹೊಟ್ಟೆಯ ಗಡಿಯಾರ ಬದಲಾಗುತ್ತದೆ. ಅಲ್ಲಿ ಹಸಿವನ್ನು ದಶಕಗಳ ಕಾಲ ನಿರ್ಧರಿಸಿದ್ದು ಕಬ್ಬಿಣ-ಉಕ್ಕಿನ ಕಾರ್ಖಾನೆಯ ಪಾಳಿ. ಮೊದಲ ಪಾಳಿ ಮುಗಿಸಿ ಮನೆಗೆ ಹೋಗಿ ಒಂದು ನಿದ್ದೆ ತೆಗೆದವರು ಸಂಜೆ ಅಂಗಿ ಬದಲಿಸಿ ಬರುತ್ತಿದ್ದರು. ಕುಲುಮೆಯ ಮುಂದೆ ನಿಂತು ಬಂದವರಿಗೆ ಬಿಸಿ ಅನ್ನುವುದರ ಅಳತೆಯೇ ಬೇರೆ. ಬಜ್ಜಿ ಬೆರಳು ಸುಡದಿದ್ದರೆ ವಾಪಸ್ ಕಳಿಸುತ್ತಿದ್ದರು. 1923ರಲ್ಲಿ ಆ ಕಾರ್ಖಾನೆ ಕೆಲಸ ಶುರುಮಾಡಿದಾಗ ಅದರ ಹೆಸರು ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಕಬ್ಬಿಣಕ್ಕೆ ಬೇಕಾದ ಇದ್ದಿಲಿಗಾಗಿ ಕಾಡಿನ ಕಟ್ಟಿಗೆ ಸುಟ್ಟು, ಹೊಗೆಯಿಂದ ಮರದ ಮದ್ಯಸಾರವನ್ನೂ ಬಟ್ಟಿ ಇಳಿಸುತ್ತಿದ್ದರು. ಬಾಯಿಗೆ ಬಿದ್ದರೆ ಕಣ್ಣು ಕಳೆಯುವ, ಪ್ರಾಣ ತೆಗೆಯುವ ಮಿಥೆನಾಲ್ ಅದು. ವಿಶ್ವೇಶ್ವರಯ್ಯನವರಂಥ ಶಿಸ್ತಿನ ಮನುಷ್ಯ ನಡೆಸಿದ ಬಟ್ಟಿಯಲ್ಲಿ ಕುಡಿಯುವಂಥದ್ದು ಹೇಗೆ ಬಂದೀತು!

1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆಯದು ಇನ್ನೊಂದು ನೆನಪು. ಅದು ಪತ್ರಿಕೆಗಳಿಗೆ ಬೇಕಾದ ಕಾಗದವನ್ನೂ ತಯಾರಿಸುತ್ತಿತ್ತು. ಬಜ್ಜಿಯ ಎಣ್ಣೆ ಹೀರಿಕೊಂಡು ಪಾರದರ್ಶಕವಾಗುತ್ತಿದ್ದ ಹಳೆಯ ಪೇಪರಿನ ತುಂಡುಗಳಲ್ಲಿ ಎಷ್ಟೋ ಇದೇ ಊರಲ್ಲಿ ಹುಟ್ಟಿದವು ಇದ್ದಿರಬೇಕು. ಆಹಾರ ಸುರಕ್ಷತೆಯವರು ಈಗ ಮುದ್ರಿತ ಕಾಗದದಲ್ಲಿ ತಿಂಡಿ ಕೊಡಬೇಡಿ, ಶಾಯಿ ಹೊಟ್ಟೆಗೆ ಸೇರುತ್ತದೆ ಎನ್ನುತ್ತಾರೆ. ಸರಿಯಾದ ಮಾತೇ. ಆದರೂ ಅರ್ಧ ಸುದ್ದಿ ಓದಿ, ಉಳಿದರ್ಧ ಎಣ್ಣೆಯಲ್ಲಿ ಕಳೆದುಹೋಗುವ ಸುಖವನ್ನು ಸ್ಟೀಲ್ ತಟ್ಟೆ ಕೊಡುವುದಿಲ್ಲ. ಕಾಗದದ ಯಂತ್ರಗಳು ನಿಂತು ವರ್ಷಗಳಾದವು. ಉಕ್ಕಿನ ಕಾರ್ಖಾನೆ ಮುಚ್ಚುವ ತೀರ್ಮಾನ 2023ರಲ್ಲಿ, ಸರಿಯಾಗಿ ಅದರ ನೂರನೇ ವರ್ಷದಲ್ಲಿ ಹೊರಬಿತ್ತು, ಕಾರ್ಮಿಕರು ಬೀದಿಗಿಳಿದರು. ಸಂಜೆ ಬಾಣಲೆಯ ಸುತ್ತ ನಿಂತವರು ಇಂದಿಗೂ ಹೆಚ್ಚಾಗಿ ಮಾತಾಡುವುದು ಇದನ್ನೇ: ಯಾರ ಮಗ ಬೆಂಗಳೂರಿಗೆ ಹೋದ, ಯಾರ ಕ್ವಾರ್ಟರ್ಸ್ ಖಾಲಿಯಾಯಿತು.

ನೀವು ಈ ಕಡೆ ಬರುವುದಾದರೆ ಐದರೊಳಗೆ ಬನ್ನಿ, ಜೊತೆಗೊಬ್ಬರನ್ನು ಕರೆತನ್ನಿ; ಒಬ್ಬರಿಗೇ ಬೈಟು ಕೊಡುವುದಿಲ್ಲ. ಆರೂವರೆಯ ನಂತರ ಬಂದರೆ ಸಿಗುವುದು ತಣ್ಣಗಾದ ಬೋಂಡ.