ಬೀಗ ಬಿದ್ದ ಮಾಳಿಗೆ, ಕಿರಾಯಿ ಖೋಲಿ

ಬೇಮಳಖೇಡದ ನಮ್ಮ ಓಣಿಯಲ್ಲಿ ಎಷ್ಟೋ ಮಾಳಿಗೆ ಮನೆಗಳಿಗೆ ಬೀಗ ಬಿದ್ದಿದೆ. ಮನೆಯವರೆಲ್ಲ ಹೈದರಾಬಾದಿನ ದಾರಿ ಹಿಡಿದಿದ್ದಾರೆ. ಹುಮನಾಬಾದಿನ ಮೇಲೆ ಹಾಯುವ 65ನೇ ರಾಷ್ಟ್ರೀಯ ಹೆದ್ದಾರಿಯೇ ಪಟಾನ್‌ಚೆರುವಿನ ಕಾರ್ಖಾನೆಗಳ ಕಡೆಗೂ ಹೋಗುತ್ತದೆ. ಬಸ್ ಹತ್ತುವುದು ಸಲೀಸು, ಇಳಿದ ಮೇಲೆ ಖೋಲಿ ಹುಡುಕುವುದೇ ಕಷ್ಟ.

ಊರಲ್ಲಿ ಪಡಸಾಲೆ, ಅಂಗಳ ಇರುವ ನಮ್ಮ ಚಿಗವ್ವ ಅಲ್ಲಿ ತಗಡಿನ ಒಂದೇ ಖೋಲಿಯಲ್ಲಿ ಐದು ಮಂದಿಯ ಸಂಸಾರ ಮಾಡುತ್ತಾಳೆ. "ಪಗಾರ ಬಂದ ದಿನಾನೇ ಕಿರಾಯಿ ತೆಗೆದಿಡಬೇಕಪಾ, ಉಳಿದಿದ್ದರಾಗ ಊಟ" ಅಂತಾಳೆ. ನೀರಿಗೆ ಬೇರೆ, ಕರೆಂಟಿಗೆ ಬೇರೆ. ಕರಾರು ಪತ್ರ ಅಂತ ಏನೂ ಇಲ್ಲ. ಮಾಲಕ ಬಿಡು ಅಂದರೆ ಬಿಡಬೇಕು.

2020ರ ಲಾಕ್‌ಡೌನ್‌ನಲ್ಲಿ ಕೂಲಿಕಾರರು ನಡೆದೇ ಊರು ಸೇರಿದ ಮೇಲೆ, ಆ ಜುಲೈನಲ್ಲಿ ಕೇಂದ್ರ ಸರ್ಕಾರ ವಲಸಿಗರಿಗಾಗಿ ಕಡಿಮೆ ಬಾಡಿಗೆ ಮನೆಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎನ್ನುತ್ತದೆ. ಆದರೆ ಅದನ್ನು ಜಾರಿಗೆ ತರಬೇಕಾದದ್ದು ರಾಜ್ಯಗಳು. ಅದು ನಿಂತಿರುವುದೂ ಬರೆದ ಕರಾರಿನ ಮೇಲೆ. ಬಾಯಿಮಾತಿನ ಮೇಲೆ ಖೋಲಿ ಹಿಡಿದವಳು ಯಾವ ಕಾಗದ ತೋರಿಸಬೇಕು? ನನಗೆ ಸಂಕಟವಾಗುವುದು ಇಲ್ಲೇ.

ನಿನ್ನೆ ಫೋನಿನಲ್ಲಿ ಚಿಗವ್ವ ಕೇಳಿದ್ದು ಒಂದೇ: "ಮಳಿ ಹತ್ತೋದ್ರಾಗ ಮಾಳಿಗಿಗೆ ಮಣ್ಣು ಹಾಕಸ್ತಿ ಏನು?"