ಫಾರ್ಮ್ಯಾಟ್ ಹೊಡೆಯೋದಕ್ಕಿಂತ ಮೊದಲು

ನಮ್ಮ ಕಡೆ ಕಂಪ್ಯೂಟರಿಗೆ ಬರೋ ಎಲ್ಲ ರೋಗಕ್ಕೂ ಒಂದೇ ಔಷಧ: ಫಾರ್ಮ್ಯಾಟ್. ಸ್ಲೋ ಆಯ್ತಾ? ಫಾರ್ಮ್ಯಾಟ್ ಹೊಡಿ. ವೈರಸ್ ಬಂತಾ? ಫಾರ್ಮ್ಯಾಟ್ ಹೊಡಿ. ಆನ್ ಮಾಡಿದರೆ ನೀಲಿ ಪರದೆ ಬಂದು ನಿಲ್ತದಾ? ಅದಕ್ಕೂ ಅದೇ. ಊರಿನ ಅಂಗಡಿಯವರನ್ನಷ್ಟೇ ಅಂದು ಏನು ಬಂತು, ನಮ್ಮ ಹಾಸ್ಟೆಲಿನಲ್ಲೂ ಮೂರನೇ ಸೆಮಿಸ್ಟರ್ ದಾಟಿದವರೆಲ್ಲ ಇದೇ ಡಾಕ್ಟರಿಕಿ ಮಾಡೋರೇ. ಒಂದು ತಾಸಿನ ಕೆಲಸ, ಯಂತ್ರ ಹೊಸದರ ಹಾಗೆ ಓಡ್ತದೆ, ಎಲ್ಲರಿಗೂ ಸಮಾಧಾನ. ಆದರೆ ಒಂದು ಪ್ರಶ್ನೆ ಮಾತ್ರ ಯಾರೂ ಕೇಳೋದಿಲ್ಲ: ಒಳಗೆ ಏನಿತ್ತು?

ಹೋದ ರಜೆಯಲ್ಲಿ ನಮಗೆ ಈ ಪ್ರಶ್ನೆಯನ್ನು ಕೇಳಲೇಬೇಕಾಯ್ತು. ನಾವು ಅಂದರೆ ಐದು ಜನ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ತಾಲೂಕಿಗೆ ಒಬ್ಬೊಬ್ಬರು. ರಾಯಬಾಗದ ಗೆಳೆಯನ ಕಾಕಾ ನಿವೃತ್ತ ಪ್ರಾಥಮಿಕ ಶಾಲೆ ಮಾಸ್ತರು. ಊರು ಕುಡಚಿ ಹತ್ತಿರ, ಕೃಷ್ಣಾ ನದಿ ದಂಡೆಗೆ. ಮಳೆ ಜೋರಾದರೆ ಕುಡಚಿ–ಉಗಾರ ಸೇತುವೆ ಮುಳುಗೋದು ನಮ್ಮ ಕಡೆಯವರಿಗೆ ಹೊಸ ಸುದ್ದಿಯಲ್ಲ. ಆದರೆ 2019ರ ಆಗಸ್ಟ್ ಮಹಾಪೂರದಲ್ಲಿ ನೀರು ಮನೆಗಳಿಗೇ ನುಗ್ಗಿತು. ಕಾಕಾ ಮೂವತ್ತು ವರ್ಷ ಸುತ್ತಲ ಊರುಗಳಲ್ಲಿ ಓಡಾಡಿ ಬರೆದುಕೊಂಡಿದ್ದ ಹಾಡಿನ ನೋಟ್‌ಬುಕ್‌ಗಳು, ತತ್ವಪದ, ಡೊಳ್ಳಿನ ಪದ, ಬೀಸುಕಲ್ಲಿನ ಪದ, ಎಲ್ಲ ನೀರುಂಡು ಉಬ್ಬಿದವು. ಒಣಗಿಸಿ ಓದೋಕೆ ಬಂದಷ್ಟನ್ನು ಓದಿ, ಬರದೇ ಇದ್ದದ್ದನ್ನು ಹಾಡುವವರ ಬಳಿ ಮತ್ತೆ ಹೋಗಿ ಕೇಳಿ, ಒಂದು ಹಳೇ ಡೆಸ್ಕ್‌ಟಾಪಿನಲ್ಲಿ ನುಡಿ ತಂತ್ರಾಂಶ ಹಾಕಿಕೊಂಡು ಟೈಪ್ ಮಾಡಿದ್ದರು. 214 ಹಾಡು. ಈ ನಡುವೆ ಹಾಡಿದವರಲ್ಲಿ ಎಷ್ಟೋ ಜನ ತೀರಿಕೊಂಡಿದ್ದರು. ಪೇಪರ್ ಮೇಲೆ ಪ್ರಿಂಟ್ ಇಲ್ಲ, ಎರಡನೇ ಪ್ರತಿಯೂ ಇಲ್ಲ.

ಮುಂಗಾರಿನ ಗಾಳಿಗೆ ಒಂದು ಸಂಜೆ ಕರೆಂಟ್ ಹೋಯ್ತು. ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿತ್ತು. ಕಾಕಾ ಟೈಪ್ ಮಾಡುತ್ತಿದ್ದವರು ಹಾಗೇ ಎದ್ದರು. ಕರೆಂಟ್ ಬಂದ ಮೇಲೆ ಆನ್ ಮಾಡಿ, ನೆಟ್ಟಗೈತಿ ಅಂತ ನೋಡಿ ಶಟ್‌ಡೌನ್ ಕೊಟ್ಟರು. ಆಗ ವಿಂಡೋಸ್ ಅಪ್‌ಡೇಟ್ ಶುರುವಾಯ್ತು. "ಕಂಪ್ಯೂಟರ್ ಆಫ್ ಮಾಡಬೇಡಿ" ಅನ್ನೋ ಸಾಲು ಪರದೆ ಮೇಲಿರುವಾಗಲೇ ಕರೆಂಟ್ ಮತ್ತೆ ಹೋಯ್ತು. ಮರುದಿನದಿಂದ ಯಂತ್ರ ಶುರುವಾಗ್ತದೆ, ರಿಪೇರಿ ಮಾಡ್ತೀನಿ ಅಂತದೆ, ಆಗಲಿಲ್ಲ ಅಂತದೆ, ಮತ್ತೆ ಶುರುವಾಗ್ತದೆ. ಪೇಟೆಯ ಅಂಗಡಿಯೊಂದರಲ್ಲಿ "500 ರೂಪಾಯಿ, ಸಂಜೀಕ ಫಾರ್ಮ್ಯಾಟ್ ಹೊಡದ ಕೊಡ್ತೇವ್ರಿ" ಅಂದರು. ಕಾಕಾ ಯಂತ್ರವನ್ನು ಬೈಕ್ ಮೇಲೆ ಹಾಗೇ ವಾಪಸ್ ತಂದು ನಮಗೆ ಫೋನ್ ಮಾಡಿಸಿದರು. "ಮಿಷಿನ್ ಹ್ವಾದ್ರ ಹೋಗ್ಲಿ, ಹಾಡು ಅಷ್ಟ ತಗದ ಕೊಡ್ರಪಾ."

ಬೂಟ್ ಆಗೋದು ಅಂದರೆ ಒಂದು ಸರಪಳಿ. ಬಟನ್ ಒತ್ತಿದಾಗ ಮೊದಲು ಮದರ್‌ಬೋರ್ಡಿನಲ್ಲಿರೋ ಫರ್ಮ್‌ವೇರ್ ಏಳ್ತದೆ, ಹಳೆಯದರಲ್ಲಿ ಬಯೋಸ್, ಹೊಸದರಲ್ಲಿ ಯುಇಎಫ್‌ಐ. ಅದು ಬೂಟ್ ಮ್ಯಾನೇಜರನ್ನು ಹುಡುಕಿ ಎಬ್ಬಿಸ್ತದೆ. ಬೂಟ್ ಮ್ಯಾನೇಜರ್ ತನ್ನ ಪಟ್ಟಿ ನೋಡಿ ವಿಂಡೋಸ್ ಎಲ್ಲಿದೆ ಅಂತ ತಿಳ್ಕೊಂಡು ಲೋಡರನ್ನು ಕರೀತದೆ. ಲೋಡರ್ ಕರ್ನೆಲ್, ರಿಜಿಸ್ಟ್ರಿಯ ಸಿಸ್ಟಮ್ ಭಾಗ, ಅತ್ಯಗತ್ಯ ಡ್ರೈವರುಗಳನ್ನು ಮೆಮರಿಗೆ ತರ್ತದೆ. ಇದರಲ್ಲಿ ಒಂದು ಕೊಂಡಿ ಕೆಟ್ಟರೂ ಮುಂದಿನದು ಇಲ್ಲ. ಆದರೆ ಕೊಂಡಿ ಕೆಟ್ಟಿತು ಅಂದ ಮಾತ್ರಕ್ಕೆ ಅದೇ ಡಿಸ್ಕಿನ ಇನ್ನೊಂದು ಮೂಲೆಯಲ್ಲಿರೋ ಹಾಡಿಗೆ ಏನೂ ಆಗಿರೋದಿಲ್ಲ. ಮನೆ ಬಾಗಿಲಿನ ಕೀಲಿ ತುಕ್ಕು ಹಿಡಿದರೆ ಒಳಗಿನ ಜೋಳದ ಚೀಲ ಸುಟ್ಟು ಹಾಕ್ತೀವಾ?

2024ರ ಜುಲೈ 19 ನೆನಪಿರಬೇಕು. ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ಸಾಫ್ಟ್‌ವೇರಿನ ದೋಷವಿದ್ದ ಒಂದೇ ಒಂದು ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು ಅಂತ ಮೈಕ್ರೋಸಾಫ್ಟ್ ಅಂದಾಜು ಮಾಡಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದು ಕೊಟ್ಟರು. ಪರಿಹಾರ ಏನಿತ್ತು? ಸೇಫ್ ಮೋಡಿಗೆ ಹೋಗಿ ಆ ಒಂದು ಫೈಲ್ ಅಳಿಸಿ ರೀಸ್ಟಾರ್ಟ್ ಮಾಡೋದು. ಡೇಟಾ ಎಲ್ಲ ಇದ್ದಲ್ಲೇ ಇತ್ತು. ಅವತ್ತು ಎಲ್ಲರೂ ಫಾರ್ಮ್ಯಾಟ್ ಹೊಡೆದಿದ್ದರೆ ಲೆಕ್ಕ ಹಾಕಿ.

ಇನ್ನು ನಾವು ಮಾಡಿದ್ದನ್ನ ಕ್ರಮವಾಗಿ ಹೇಳ್ತೀವಿ, ಯಾಕಂದ್ರೆ ಇಲ್ಲಿ ಕ್ರಮವೇ ಮುಖ್ಯ.

ಮೊದಲು ರಿಪೇರಿ ಅಲ್ಲ, ಡಿಸ್ಕಿನ ನಾಡಿ. ಕೆಟ್ಟಿರೋದು ಫೈಲೋ ಡಿಸ್ಕೋ ಅಂತ ಗೊತ್ತಾಗದೆ ಮುಂದೆ ಹೋಗಬಾರದು. ಡಿಸ್ಕಿನಿಂದ ಟಕ್ ಟಕ್ ಸದ್ದು ಬರ್ತಿದ್ರೆ ಅಲ್ಲೇ ಆಫ್ ಮಾಡಿ. ಅಂಥ ಡಿಸ್ಕಿನ ಮೇಲೆ ಚೆಕ್‌ಡಿಸ್ಕ್ ಓಡಿಸೋದು ಕಾಲು ಮುರಿದವನನ್ನ ಓಡಿಸಿದ ಹಾಗೆ. ಕಾಕಾನ ಡಿಸ್ಕಿನ ಸದ್ದು ಸರಿ ಇತ್ತು. ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಸ್ಮಾರ್ಟ್ ವರದಿ ನೋಡಿದ್ವಿ, ಅದೂ ಸರಿ.

ಎರಡನೆಯದು, ನಕಲು. ಅದೇ ಲಿನಕ್ಸಿನಲ್ಲಿ ವಿಂಡೋಸ್ ಭಾಗವನ್ನು ಓದೋಕೆ ಮಾತ್ರ ಬರೋ ಹಾಗೆ ತೆರೆದು, ಬಳಕೆದಾರರ ಫೋಲ್ಡರನ್ನು ಪೂರ್ತಿ ಚಿಕ್ಕೋಡಿ ಗೆಳೆಯನ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ಹಾಕಿಕೊಂಡ್ವಿ. ಡೆಸ್ಕ್‌ಟಾಪ್ ಮೇಲಿನದು, ಡೌನ್‌ಲೋಡ್ಸ್‌ನಲ್ಲಿದ್ದದ್ದು, ಎಲ್ಲ. ಹೊಸ ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ ಇದ್ದರೆ ಇಲ್ಲೇ ತಡೀತದೆ, 48 ಅಂಕಿಯ ರಿಕವರಿ ಕೀ ಬೇಕು. ನಿಮ್ಮದು ಎಲ್ಲಿದೆ ಅಂತ ಇವತ್ತೇ ನೋಡಿಟ್ಟುಕೊಳ್ಳಿ.

ಮೂರನೆಯದು, ವಿಂಡೋಸ್ ಪೆನ್‌ಡ್ರೈವ್. ಇದಕ್ಕೆ ಕಡಿಮೆ ಅಂದ್ರೂ 8 ಜಿಬಿಯದು ಬೇಕು. ಫೈಲು ಐದು ಜಿಬಿ ಮೇಲೆ, ನಮ್ಮ ಫೋನಿನ ದಿನದ ಡೇಟಾ ಎರಡು ಜಿಬಿ. ನಿಪ್ಪಾಣಿಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದ ಗೆಳೆಯ ರಾತ್ರಿ ಇಳಿಸಿಕೊಂಡು ಬೆಳಿಗ್ಗೆ ಬಸ್ಸಿನಲ್ಲಿ ತಂದ. ಅದರಿಂದ ಬೂಟ್ ಮಾಡಿ ರಿಪೇರಿ ವಿಭಾಗದ ಕಮಾಂಡ್ ಪ್ರಾಂಪ್ಟಿಗೆ ಹೋದ್ವಿ. ಇಲ್ಲೊಂದು ಮಜಾ ಇದೆ. ರಿಪೇರಿ ವಿಭಾಗದಲ್ಲಿ ಡ್ರೈವ್ ಅಕ್ಷರಗಳು ಅದಲು ಬದಲಾಗಬಹುದು. ಇಲ್ಲಿ ಸಿ ಅಂತ ಕಂಡದ್ದು ಬೂಟ್ ಫೈಲುಗಳಿರೋ ಸಣ್ಣ ಭಾಗ, ವಿಂಡೋಸ್ ಇದ್ದದ್ದು ಡಿ ಯಲ್ಲಿ. ನೋಡದೆ ಕಮಾಂಡ್ ಹೊಡೆದವರಿಗೆ "ಫೈಲ್ ಸಿಗಲಿಲ್ಲ" ಅನ್ನೋ ಉತ್ತರ ಬಂದು, ಎಲ್ಲ ಹೋಯ್ತು ಅಂತ ಎದೆ ಒಡೀತದೆ.

ನಾಲ್ಕನೆಯದು, ಲಾಗ್ ಓದೋದು. ಸ್ಟಾರ್ಟಪ್ ರಿಪೇರಿ "ಆಗಲಿಲ್ಲ" ಅಂತ ಸುಮ್ಮನೆ ಕೂರೋದಿಲ್ಲ, ಯಾಕೆ ಅಂತ ಒಂದು ಫೈಲಿನಲ್ಲಿ ಬರೆದಿಡ್ತದೆ. ಬೂಟಿಗೆ ಬೇಕೇಬೇಕಾದ ಡ್ರೈವರ್ ಒಂದು ಕೆಟ್ಟಿದೆ ಅಂತ ಹೆಸರು ಸಮೇತ ಅಲ್ಲಿತ್ತು. ಹತ್ತು ವಿಡಿಯೋ ನೋಡೋದಕ್ಕಿಂತ ಆ ಒಂದು ಸಾಲು ಹೆಚ್ಚು ಹೇಳಿತು. ವಿಡಿಯೋ ಅಂದಾಗ ನೆನಪಾಯ್ತು: ರಿಜಿಸ್ಟ್ರಿಯ ಬ್ಯಾಕಪ್ ಫೋಲ್ಡರಿನಿಂದ ಹಳೇ ಪ್ರತಿ ತಂದು ಮೇಲೆ ಹಾಕಿ ಅಂತ ಎಷ್ಟೋ ವಿಡಿಯೋಗಳು ಹೇಳ್ತವೆ. ವಿಂಡೋಸ್ 10ರ 1803 ಆವೃತ್ತಿಯಿಂದ ಆ ಬ್ಯಾಕಪ್ಪು ತಾನಾಗಿ ಆಗೋದು ನಿಂತಿದೆ. ಫೈಲುಗಳು ಕಾಣ್ತವೆ, ಗಾತ್ರ ಸೊನ್ನೆ. ಅದನ್ನ ತಂದು ಹಾಕಿದರೆ ಇದ್ದ ರಿಜಿಸ್ಟ್ರಿಯೂ ಹೋಯ್ತು. ಕಾಕಾನ ಯಂತ್ರದಲ್ಲೂ ಸೊನ್ನೆಯೇ ಇತ್ತು, ಅದನ್ನ ಮುಟ್ಟಲಿಲ್ಲ.

ಐದನೆಯದು, ರಿಪೇರಿ. ಚೆಕ್‌ಡಿಸ್ಕಿನಿಂದ ಫೈಲ್ ಸಿಸ್ಟಮ್ ಸರಿ ಮಾಡಿಸಿದ್ವಿ. ಅರ್ಧಕ್ಕೆ ನಿಂತ ಅಪ್‌ಡೇಟನ್ನು ಡಿಸ್ಮ್ ಮೂಲಕ ಹಿಂದಕ್ಕೆ ತಿರುಗಿಸಿದ್ವಿ. ಆಮೇಲೆ ಸಿಸ್ಟಮ್ ಫೈಲ್ ಚೆಕರನ್ನು ಹೊರಗಿನಿಂದ ಓಡಿಸಿದ್ವಿ. ಅದು ಪ್ರತಿಯೊಂದು ಸಿಸ್ಟಮ್ ಫೈಲನ್ನು ವಿಂಡೋಸ್ ತನ್ನೊಳಗೇ ಇಟ್ಟುಕೊಂಡಿರೋ ಅಸಲು ಪ್ರತಿಯ ಜೊತೆ ಹೋಲಿಸಿ, ಕೆಟ್ಟದ್ದನ್ನು ಬದಲಿಸ್ತದೆ. ಆ ಅಸಲು ಉಗ್ರಾಣವೇ ಕೆಟ್ಟಿದ್ದರೆ ಪೆನ್‌ಡ್ರೈವಿನಿಂದ ಡಿಸ್ಮ್ ಮೂಲಕ ಉಗ್ರಾಣವನ್ನೇ ಮೊದಲು ತುಂಬಿಸಬೇಕು. ನಮಗೆ ಅದರ ಅವಶ್ಯಕತೆ ಬೀಳಲಿಲ್ಲ. ಸಂಜೆ ನಾಲ್ಕಕ್ಕೆ ವಿಂಡೋಸ್ ಎದ್ದಿತು. ಕಾಕಿ ಎಲ್ಲರಿಗೂ ಚಹಾ ಕೊಟ್ಟರು. ಕಾಕಾ ಮಾತ್ರ ಚಹಾ ಮುಟ್ಟದೆ ಹಾಡಿನ ಫೋಲ್ಡರ್ ತೆಗೆದು ಒಂದೊಂದೇ ನೋಡತೊಡಗಿದರು.

ನಕಲು ತೆಗೆದುಕೊಂಡ ಹಾಡುಗಳನ್ನ ಅಥಣಿ ಗೆಳೆಯ ಇನ್ನೊಂದು ಕಡೆ ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದಿದ್ದ. ಕನ್ನಡವೇ ಇಲ್ಲ! ರೋಮನ್ ಅಕ್ಷರಗಳ ತಲೆ ಮೇಲೆ ಚುಕ್ಕಿ, ಗೀಟು ಇಟ್ಟ ಗೋಜಲು. ಕೆಟ್ಟಿದ್ದಲ್ಲ ಅದು. ಕನ್ನಡ ಗಣಕ ಪರಿಷತ್ತಿನ ನುಡಿಯ ಹಳೇ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲು ನಿಜವಾಗಿ ಕನ್ನಡ ಅಕ್ಷರವನ್ನು ಇಟ್ಟುಕೊಂಡಿರೋದಿಲ್ಲ. ರೋಮನ್ ಸಂಕೇತಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನ ಕೂರಿಸಿರ್ತಾರೆ. ಫಾಂಟ್ ಇಲ್ಲದಿದ್ದರೆ "ಕನ್ನಡ" ಅನ್ನೋ ಪದ ಪಿ ಅಕ್ಷರದಿಂದ ಶುರುವಾಗ್ತದೆ. ಅಂಗಡಿಯಲ್ಲಿ ಫೈಲು ಉಳಿಸಿ ಫಾರ್ಮ್ಯಾಟ್ ಹೊಡೆದಿದ್ದರೂ, ನುಡಿ ಗೊತ್ತಿಲ್ಲದವನು ಇದನ್ನ ಕರಪ್ಟ್ ಅಂತ ಅಳಿಸಿಯೇ ಬಿಡಬಹುದಿತ್ತು. ನಾವು ಪರಿವರ್ತಕದಿಂದ ಎಲ್ಲವನ್ನೂ ಯೂನಿಕೋಡಿಗೆ ತಂದ್ವಿ. ಒತ್ತಕ್ಷರ ಅಲ್ಲಲ್ಲಿ ತಪ್ಪಿದ್ದವು. ಕಾಗವಾಡದ ಗೆಳೆಯ ಗಟ್ಟಿಯಾಗಿ ಓದಿದ, ಕಾಕಾ ತಿದ್ದಿಸಿದರು. ಮೂರು ದಿನ ಹಿಡೀತು, ಕಂಪ್ಯೂಟರ್ ರಿಪೇರಿಗಿಂತ ಜಾಸ್ತಿ.

213 ಹಾಡು ಸಿಕ್ಕವು. ಒಂದು ಸಿಗಲಿಲ್ಲ. ಕರೆಂಟ್ ಹೋದ ಹೊತ್ತಿನಲ್ಲಿ ತೆರೆದಿದ್ದ ಫೈಲದು. ಹೆಸರಿತ್ತು, ಗಾತ್ರ ಇತ್ತು, ಒಳಗೆಲ್ಲ ಬರೀ ಸೊನ್ನೆ. ವಿಂಡೋಸಿನ ಫೈಲ್ ಸಿಸ್ಟಮ್ ಎನ್‌ಟಿಎಫ್‌ಎಸ್ ಜರ್ನಲ್ ಇಟ್ಟುಕೊಳ್ತದೆ ನಿಜ, ಆದರೆ ಅದು ಕಾಪಾಡೋದು ಫೈಲಿನ ಹೆಸರು, ಜಾಗ, ಗಾತ್ರದ ಲೆಕ್ಕವನ್ನ. ಒಳಗಿನ ಬರಹ ಇನ್ನೂ ಮೆಮರಿಯಲ್ಲೇ ಇದ್ದು ಡಿಸ್ಕಿಗೆ ಇಳಿಯೋದಕ್ಕೂ ಮೊದಲೇ ಕರೆಂಟ್ ಹೋದರೆ, ಪಟ್ಟಿಯಲ್ಲಿ ಚೀಲ ಇದ್ದು ಚೀಲದಲ್ಲಿ ಕಾಳಿಲ್ಲದ ಹಾಗೆ. ಯಾವ ಕಮಾಂಡಿಗೂ ಅದು ತಿರುಗಿ ಬರಲಿಲ್ಲ.

ಅದು ಒಂದು ಬೀಸುಕಲ್ಲಿನ ಪದ. ಹಾಡಿದ ಅಜ್ಜಿ ಅಥಣಿ ಕಡೆಯ ಹಳ್ಳಿಯವಳು, ಇನ್ನೂ ಇದ್ದಾಳೆ. ಕಾಕಾ ಮುಂದಿನ ವಾರ ಅಲ್ಲಿಗೆ ಹೋಗಿ ಬಂದರು. ಈ ಸಲ ಅಜ್ಜಿ ಎರಡು ನುಡಿ ಬೇರೆಯೇ ಹಾಡಿದಳಂತೆ. "ಹ್ವಾದ ಸಲದ್ದು ನನಗ ನೆನಪಿಲ್ಲೊ ಮಾಸ್ತರಾ, ನೀ ಬರಕೊಂಡಿದ್ದಿ ಅಲಾ" ಅಂದಳಂತೆ. ಸಿಕ್ಕ 213ರಲ್ಲಿ ತೀರಿಹೋದವರು ಹಾಡಿದ ಯಾವುದಾದರೂ ಒಂದು ಈ ಸೊನ್ನೆಯ ಫೈಲಾಗಿದ್ದರೆ ಕಾಕಾ ಎಲ್ಲಿಗೆ ಹೋಗಬೇಕಿತ್ತು?

ವಿಂಡೋಸ್ ಬೇಕಾದಾಗ ಬೇಕಾದಲ್ಲಿ ಇಳಿಸಿಕೊಳ್ಳಬಹುದು, ಎಷ್ಟು ಸಲ ಕೆಟ್ಟರೂ ಅದೇ ವಿಂಡೋಸ್ ಸಿಗ್ತದೆ. ಅದನ್ನ ಉಳಿಸೋಕೆ ಹೋಗಿ ಬೇರೆಲ್ಲೂ ಸಿಗದ್ದನ್ನ ಕಳೀಬಾರದು. ಊರಿನಲ್ಲಿ ನಮ್ಮನ್ನ "ಇಂಜಿನಿಯರ್ ಹುಡುಗ್ರು" ಅಂತ ಕರೀತಾರೆ. ಯಾರೋ ಒಬ್ಬರು ಬೂಟ್ ಆಗದ ಯಂತ್ರ ತಂದು ಮುಂದಿಟ್ಟೇ ಇಡ್ತಾರೆ, ಟ್ಯೂಷನ್ ಅಕ್ಕ, ಸೊಸೈಟಿ ಗುಮಾಸ್ತರು, ಯಾರೋ ಮಾಸ್ತರು. ಅದಕ್ಕೇ ಮುಂದಿನ ರಜೆಗೆ ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಎರಡು ಪೆನ್‌ಡ್ರೈವ್ ಇಟ್ಟುಕೊಳ್ಳಿ, ಒಂದರಲ್ಲಿ ಲಿನಕ್ಸ್, ಇನ್ನೊಂದರಲ್ಲಿ ವಿಂಡೋಸ್. ಮೂರನೆಯದು ಖಾಲಿಯದು ಇದ್ದರೆ ಇನ್ನೂ ಒಳ್ಳೇದು. ಯಂತ್ರ ಸರಿ ಇದ್ದರೂ ಅದಕ್ಕೆ ಕೆಲಸ ಸಿಗ್ತದೆ. ನಮ್ಮ ಕಡೆ ಮಳೆಗಾಲ ಶುರುವಾಗೋದಕ್ಕಿಂತ ಮೊದಲೇ ಹೋಗಿ.