ಎರಡನೆಯ ಪ್ರತಿ

ದಾನಚಿಂತಾಮಣಿ ಅತ್ತಿಮಬ್ಬೆ ಹತ್ತನೆಯ ಶತಮಾನದಲ್ಲಿ ಪೊನ್ನನ ‘ಶಾಂತಿಪುರಾಣ’ದ ಸಾವಿರ ಓಲೆಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಒಂದೇ ಪ್ರತಿಯನ್ನು ನಂಬಿ ಕೂರಬಾರದೆಂಬ ಆ ತಿಳಿವಳಿಕೆ ಆಸ್ಪತ್ರೆಗಳಿಗೂ ಬೇಕು.

2001ರ ಜೂನ್ ತಿಂಗಳನ್ನು ಹ್ಯೂಸ್ಟನ್‌ನ ಹಳಬರು ಮರೆತಿಲ್ಲ. ಅಲಿಸನ್ ಮಳೆಗೆ ಟೆಕ್ಸಾಸ್ ಮೆಡಿಕಲ್ ಸೆಂಟರಿನ ನೆಲಮಾಳಿಗೆಗಳು ತುಂಬಿ, ಕರೆಂಟು ಹೋಗಿ, ಮೆಮೋರಿಯಲ್ ಹರ್ಮನ್ ಆಸ್ಪತ್ರೆಯ ಐನೂರಕ್ಕೂ ಹೆಚ್ಚು ರೋಗಿಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು. ರೋಗಿ ಹೋದಲ್ಲಿಗೆ ಅವನ ದಾಖಲೆಯೂ ಹೋಗಬೇಕಲ್ಲ! 2005ರಲ್ಲಿ ಕಟ್ರೀನಾ ಬಂದಾಗ ನ್ಯೂ ಆರ್ಲಿಯನ್ಸ್‌ನ ವೆಟರನ್ಸ್ ಆಸ್ಪತ್ರೆಯವರು ಬ್ಯಾಕಪ್ ಟೇಪುಗಳನ್ನು ಹ್ಯೂಸ್ಟನ್‌ಗೆ ತಂದು ಕಂಪ್ಯೂಟರಿಗೆ ಮತ್ತೆ ತುಂಬಿದರು. ಚದುರಿಹೋದ ಅವರ ರೋಗಿಗಳಿಗೆ ಅದರಿಂದ ಬಹಳ ಅನುಕೂಲವಾಯಿತು.

ಈಗ ಟೇಪು ಹೊತ್ತು ಓಡುವ ಬದಲು ತಂತಿಯ ಮೂಲಕ ಸದಾ ಪ್ರತಿ ಕಳಿಸುತ್ತಿರುತ್ತಾರೆ. ಇದೇ ರೆಪ್ಲಿಕೇಷನ್. ನಾನು ವೈದ್ಯ, ಇಂಜಿನಿಯರ್ ಅಲ್ಲ. ನಮ್ಮ ಕೂಟದಲ್ಲಿ ಕಲ್ಲೆಸೆದರೆ ಸಾಫ್ಟ್‌ವೇರಿನವರಿಗೇ ತಗಲುತ್ತದೆ; ಅವರು ನಕ್ಕರೂ ಸರಿ, ತಿಳಿದಷ್ಟು ಹೇಳುತ್ತೇನೆ.

ಇದರಲ್ಲಿ ಎರಡು ಬಗೆ. ಎರಡೂ ಊರಿನಲ್ಲಿ ಬರೆದಾದ ಮೇಲೆಯೇ ‘ಆಯಿತು’ ಎನ್ನುವುದು ಒಂದು. ಇದರಲ್ಲಿ ಏನೂ ಕಳೆಯದು, ಆದರೆ ಊರುಗಳು ಹತ್ತಿರವಿರಬೇಕು. ಹ್ಯೂಸ್ಟನ್‌ನಿಂದ ಡಲ್ಲಾಸ್‌ಗೆ ಸುಮಾರು 240 ಮೈಲಿ. ಬೆಳಕು ಗಾಜಿನ ಎಳೆಯಲ್ಲಿ ಹೋಗಿಬರಲು ಸುಮಾರು 4 ಮಿಲಿಸೆಕೆಂಡು. ಪ್ರತಿ ಬರಹಕ್ಕೂ ಅಷ್ಟು ಕಾದರೆ ಕೆಲಸ ಕುಂಟುತ್ತದೆ. ಆದ್ದರಿಂದ ದೂರದ ಊರಿಗೆ ಎರಡನೆಯ ಬಗೆ: ಇಲ್ಲಿ ಬರೆದುಬಿಟ್ಟು, ಅಲ್ಲಿಗೆ ಹಿಂದಿನಿಂದ ಕಳಿಸುವುದು. ಆಗ ಕೊನೆಯ ಕೆಲವು ಸೆಕೆಂಡು ಅಥವಾ ನಿಮಿಷಗಳ ಬರಹ ದಾರಿಯಲ್ಲೇ ಉಳಿಯಬಹುದು. ನರ್ಸ್ ಆಗತಾನೇ ಕೊಟ್ಟ ಹೆಪಾರಿನ್ ಡೋಸು ಅದರಲ್ಲಿದ್ದರೆ? ಡಲ್ಲಾಸ್‌ನ ಪ್ರತಿ ನೋಡಿದವರು ಇನ್ನೊಮ್ಮೆ ಕೊಟ್ಟಾರು, ರಕ್ತಸ್ರಾವವಾದೀತು. ಎಷ್ಟು ನಿಮಿಷ ಕಳೆದರೆ ತಡೆದುಕೊಳ್ಳಬಹುದೆಂದು ಹೇಳಬೇಕಾದವರು ವೈದ್ಯರು. ಆ ಗಡುವಿಗೆ ತಕ್ಕಂತೆ, ಹೆಚ್ಚು ಗದ್ದಲದ ಗಂಟೆಯ ಲೆಕ್ಕ ಹಿಡಿದು, ತಂತಿಯ ಅಗಲ ನಿಗದಿಯಾಗಬೇಕು.

ಮುಖ್ಯವಾದದ್ದು ಪರೀಕ್ಷೆ. ನಾನು ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ತಾಲೀಮಿನ ದಿನ ಪರದೆಯ ಮೇಲೆ ಎಲ್ಲವೂ ಹಸಿರು. ವೈದ್ಯರು ಕುಳಿತು ಆ ಕಡೆಯ ಪ್ರತಿಯನ್ನು ತೆರೆದೆವು. ಲ್ಯಾಬ್ ವರದಿಗಳು ಬಂದವು, ಸಿಟಿ ಸ್ಕ್ಯಾನಿನ ಚಿತ್ರಗಳು ಬರಲಿಲ್ಲ! ಚಿತ್ರಗಳಿಗೆಂದು ಆಮೇಲೆ ಕೊಂಡ ಸ್ಟೋರೇಜ್ ರೆಪ್ಲಿಕೇಷನ್ ಪಟ್ಟಿಗೆ ಸೇರಿರಲೇ ಇಲ್ಲ. ಪುಣ್ಯಕ್ಕೆ ಅಂದು ಬಿಸಿಲಿತ್ತು.

ಇನ್ನೊಂದು ಮಾತು. ಇಲ್ಲಿ ಅಳಿಸಿದ್ದು ಕ್ಷಣದಲ್ಲಿ ಅಲ್ಲಿಯೂ ಅಳಿಯುತ್ತದೆ. ವೈರಸ್ ಕೆಡಿಸಿದ್ದೂ ಹಾಗೆಯೇ. ಆದ್ದರಿಂದ ಹಳೆಯ ದಿನಾಂಕದ ಬ್ಯಾಕಪ್ ಬೇರೆಯೇ ಇರಬೇಕು.

ಬಂಧುಗಳೇ, ಊರಿನಲ್ಲಿರುವ ಅಪ್ಪ ಅಮ್ಮನ ಔಷಧಿಗಳ ಪಟ್ಟಿ ನಿಮ್ಮ ಫೋನಿನಲ್ಲಿ ಇರಬಹುದು. ಬಿರುಗಾಳಿಯ ಕಾಲ ಬರುವ ಮುನ್ನ ಅದರ ಪ್ರತಿಯೊಂದನ್ನು ಅಣ್ಣನಿಗೋ ತಂಗಿಗೋ ಕಳಿಸಿ. ಕಳಿಸಿದರೆ ಸಾಲದು, ತೆರೆದು ಓದಿ ಹೇಳೆನ್ನಿ.